ಗಡಿ ಠರಾವಿನ ಹಿಂದಿನ ಪ್ರಶ್ನೆ: ಅಕ್ಕಲಕೋಟದ ಹಳ್ಳಿಗಳು ಯಾರನ್ನು ಕೇಳಬೇಕು?

2022ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಗಡಿಗೆ ಹತ್ತಿದ ಹತ್ತರಷ್ಟು ಗ್ರಾಮ ಪಂಚಾಯಿತಿಗಳು ತಮ್ಮ ಊರುಗಳನ್ನು ಕರ್ನಾಟಕಕ್ಕೆ ಸೇರಿಸಬೇಕು ಎಂದು ಠರಾವು ಪಾಸು ಮಾಡಿದ್ದವು. ಕೊಟ್ಟ ಕಾರಣಗಳು ರಸ್ತೆ, ನೀರು, ವಿದ್ಯುತ್ ಮತ್ತು ಶಾಲೆ. ಪಂಚಾಯಿತಿಯನ್ನು ಏಕೆ ವಿಸರ್ಜಿಸಬಾರದು ಎಂದು ಕಾರಣ ಕೇಳಿ ನೋಟಿಸುಗಳು ಬಂದವು. ಬಹುತೇಕ ಪಂಚಾಯಿತಿಗಳು ಠರಾವನ್ನು ಹಿಂದಕ್ಕೆ ಪಡೆದವು.

ಈ ಪ್ರಕರಣವನ್ನು ಭಾಷೆಯ ಜಗಳ ಎಂದಷ್ಟೇ ನೋಡುವವರು ಬಹಳ. ಆದರೆ ಅದರ ಹಿಂದೆ ಇದ್ದದ್ದು ಬೇರೆಯೇ ಪ್ರಶ್ನೆ. ಊರಿನ ರಸ್ತೆ ಕೆಟ್ಟರೆ ಯಾರನ್ನು ಕೇಳಬೇಕು, ಕೇಳಿದರೆ ಉತ್ತರ ಕೊಡುವವರು ಯಾರು?

ಗಡಿಯ ಹಿನ್ನೆಲೆ

ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲೇ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. ಮೆಹರ್‌ಚಂದ್ ಮಹಾಜನ್ ನೇತೃತ್ವದ ಆಯೋಗವನ್ನು 1966ರಲ್ಲಿ ನೇಮಿಸಲಾಯಿತು. 1967ರ ವರದಿಯಲ್ಲಿ ಅದು ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ. ಬೆಳಗಾವಿ ಮೊದಲಾದ ಪ್ರದೇಶಗಳಿಗಾಗಿ ಆ ರಾಜ್ಯ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

2022ರ ನವೆಂಬರ್‌ನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸೊಲ್ಲಾಪುರ ಮತ್ತು ಅಕ್ಕಲಕೋಟದ ಕನ್ನಡ ಪ್ರದೇಶಗಳು ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದರು. ಒಂದು ಹಳ್ಳಿಯೂ ಹೋಗದು ಎಂದು ಮಹಾರಾಷ್ಟ್ರದ ಉಪಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಉತ್ತರಿಸಿದರು. ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಇಬ್ಬರೂ ಮುಖ್ಯಮಂತ್ರಿಗಳ ಸಭೆ ಕರೆದರು. ಬಳಿಕ ಎರಡೂ ವಿಧಾನಮಂಡಲಗಳು ತಮ್ಮ ತಮ್ಮ ನಿರ್ಣಯ ಅಂಗೀಕರಿಸಿದವು. ಅಕ್ಕಲಕೋಟದ ಹಳ್ಳಿಗಳ ಠರಾವುಗಳು ಬಂದದ್ದು ಈ ಗದ್ದಲದ ನಡುವೆ.

ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಪಂಚಾಯಿತಿಯ ಠರಾವಿನಿಂದ ಗಡಿ ಒಂದು ಗೇಣೂ ಸರಿಯುವುದಿಲ್ಲ. ಆದರೂ ಅದು ಮುಂಬಯಿಯವರೆಗೆ ಕೇಳಿಸಿತು. ಪಕ್ಕದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ನೀರಿಗಾಗಿ ಇದೇ ಬಗೆಯ ಕೂಗು ಎದ್ದಾಗ ಮಹಾರಾಷ್ಟ್ರ ಸರಕಾರ ವಿಸ್ತರಿತ ಮ್ಹೈಸಾಳ ನೀರಾವರಿ ಯೋಜನೆಗೆ ಸುಮಾರು 2,000 ಕೋಟಿ ರೂ. ಘೋಷಿಸಿತು. ವರ್ಷಗಟ್ಟಲೆ ಕೊಟ್ಟ ಅರ್ಜಿಗಳಿಂದ ಆಗದ್ದು ಗಡಿಯ ಹೆಸರು ಎತ್ತಿದೊಡನೆ ಆಯಿತು ಎಂಬ ಭಾವನೆ ಗಡಿ ಭಾಗದಲ್ಲಿ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಗಿರಣಿ ಹೋಗಿ ಮಗ್ಗ ಬಂತು

ಅಕ್ಕಲಕೋಟದಿಂದ ಸುಮಾರು 40 ಕಿ.ಮೀ. ದೂರದ ಸೊಲ್ಲಾಪುರ ನಗರದ ಕಥೆ ಬೇರೆ. 1877ರಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾಯಿತು. ಜನ ಅದನ್ನು ಜೂನಿ ಮಿಲ್ ಎಂದೇ ಕರೆದರು. ಮುಂದೆ ಲಕ್ಷ್ಮಿ, ವಿಷ್ಣು, ನರಸಿಂಗ ಗಿರ್ಜಿ ಮುಂತಾದ ಗಿರಣಿಗಳು ಎದ್ದವು. ಕನ್ನಡ, ಮರಾಠಿ, ತೆಲುಗು ಮಾತನಾಡುವ ಕಾರ್ಮಿಕರು ಒಂದೇ ಶಿಫ್ಟಿನಲ್ಲಿ ದುಡಿದರು. 1930ರಲ್ಲಿ ಬ್ರಿಟಿಷರು ಮಾರ್ಷಲ್ ಲಾ ಹೇರುವಷ್ಟರ ಮಟ್ಟಿಗೆ ಈ ನಗರದ ಜನ ಎದ್ದು ನಿಂತಿದ್ದರು. ಜೂನಿ ಮಿಲ್ 1960ರ ದಶಕದಲ್ಲಿ ಮುಚ್ಚಿತು. ಉಳಿದವೂ ಒಂದೊಂದಾಗಿ ಬಾಗಿಲು ಹಾಕಿದವು.

ಗಿರಣಿಯ ಜಾಗವನ್ನು ವಿದ್ಯುತ್ ಮಗ್ಗಗಳು ತುಂಬಿದವು. ಸೊಲ್ಲಾಪುರಿ ಚಾದರ ಮತ್ತು ಟೆರಿ ಟವೆಲ್‌ಗಳಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಆದರೆ ಗಿರಣಿಯಲ್ಲಿ ಹಾಜರಿ ಪುಸ್ತಕ, ಭವಿಷ್ಯನಿಧಿ, ಯೂನಿಯನ್ ಇದ್ದವು. ಸಣ್ಣ ಕಾರ್ಖಾನೆಗಳ ಮಗ್ಗದಲ್ಲಿ ಮತ್ತು ಮನೆಯಲ್ಲಿ ಕುಳಿತು ಕಟ್ಟುವ ಬೀಡಿಯಲ್ಲಿ ಕೂಲಿ ಸಿಕ್ಕರೂ ಮಾಲೀಕ ಯಾರು, ಹೊಣೆ ಯಾರದು ಎಂಬುದು ಮಸುಕಾಗುತ್ತದೆ.

ಸಂಘಟನೆಗೆ ಸಿಕ್ಕ ಉತ್ತರ

ಇಂಥ ಸ್ಥಿತಿಯಲ್ಲೂ ಉತ್ತರ ಪಡೆದ ಉದಾಹರಣೆ ಸೊಲ್ಲಾಪುರದಲ್ಲೇ ಇದೆ. ಮಾಜಿ ಶಾಸಕ, ಸಿಪಿಎಂನ ನರಸಯ್ಯ ಆಡಂ ನೇತೃತ್ವದಲ್ಲಿ ಬೀಡಿ ಕಾರ್ಮಿಕ ಮಹಿಳೆಯರು ಮನೆಗಾಗಿ ಹೋರಾಡಿದರು. ಗೋದೂತಾಯಿ ಪರುಳೇಕರ ಹೆಸರಿನ 10,000 ಮನೆಗಳ ವಸತಿಯನ್ನು 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಹಸ್ತಾಂತರಿಸಿದರು. ನಂತರ ಅಸಂಘಟಿತ ವಲಯದ ಕಾರ್ಮಿಕರಿಗಾಗಿ ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ 30,000 ಮನೆಗಳ ರೇ ನಗರ ಯೋಜನೆ ಬಂತು. ಅದರ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ದಿಲ್ಲಿಯಲ್ಲಿ ಪಕ್ಷ ಬದಲಾದರೂ ಕೇಳುವವರು ಬದಲಾಗಲಿಲ್ಲ. ಸದಸ್ಯರ ಪಟ್ಟಿ, ಕಂತಿನ ಲೆಕ್ಕ, ಪ್ರತಿ ಸರಕಾರದ ಎದುರು ಅದೇ ಬೇಡಿಕೆ ಇದ್ದುದರಿಂದ ಕೆಲಸ ಮುಂದೆ ಸಾಗಿತು.

ಚಿಮಣಿ ಮತ್ತು ವಿಮಾನ

ಅಭಿವೃದ್ಧಿಯ ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆದಾಗ ಉತ್ತರ ಯಾರು ಕೊಡಬೇಕು ಎಂಬ ಪ್ರಶ್ನೆ 2023ರಲ್ಲಿ ಎದ್ದಿತು. ಶ್ರೀ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದ ಚಿಮಣಿ ಹೊಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಡ್ಡಿ ಎಂದು ಅದನ್ನು 2023ರ ಜೂನ್ 15ರಂದು ಕೆಡವಲಾಯಿತು. ಕಬ್ಬು ಬೆಳೆಗಾರ ಸದಸ್ಯರು ವಿರೋಧಿಸಿದರು, ವಿಮಾನ ಬೇಕೆಂದವರು ಸ್ವಾಗತಿಸಿದರು. 2025ರ ಜೂನ್ 9ರಂದು ಗೋವಾಕ್ಕೆ ವಿಮಾನ ಹಾರಿತು. ವಿಮಾನ ಬಂದದ್ದು ಎಲ್ಲರಿಗೂ ಕಂಡಿತು. ಕಬ್ಬು ಕಳಿಸುವ ರೈತನ ಲೆಕ್ಕ ಅಷ್ಟು ಸುಲಭವಾಗಿ ಕಾಣುವುದಲ್ಲ.

ಖಾಲಿ ಉಳಿದ ಕುರ್ಚಿಗಳು

ಮತದಾರರು ಸುಮ್ಮನೆ ಕುಳಿತಿಲ್ಲ. ಸೊಲ್ಲಾಪುರ ಲೋಕಸಭಾ ಕ್ಷೇತ್ರದಲ್ಲಿ 2014 ಮತ್ತು 2019ರಲ್ಲಿ ಮಾಜಿ ಮುಖ್ಯಮಂತ್ರಿ ಸುಶೀಲಕುಮಾರ ಶಿಂದೆ ಅವರನ್ನೇ ಸೋಲಿಸಿದರು. 2019ರಲ್ಲಿ ಗೆದ್ದವರು ಅಕ್ಕಲಕೋಟ ತಾಲೂಕಿನ ಗೌಡಗಾಂವ ಮಠದ ಜಯಸಿದ್ಧೇಶ್ವರ ಶಿವಾಚಾರ್ಯ ಸ್ವಾಮೀಜಿ. 2024ರಲ್ಲಿ ಕಾಂಗ್ರೆಸ್‌ನ ಪ್ರಣಿತಿ ಶಿಂದೆ ಗೆದ್ದರು. ಅದೇ ವರ್ಷ ಅಕ್ಕಲಕೋಟ ವಿಧಾನಸಭೆಯಲ್ಲಿ ಬಿಜೆಪಿಯ ಸಚಿನ್ ಕಲ್ಯಾಣಶೆಟ್ಟಿ ಎರಡನೇ ಬಾರಿ ಆಯ್ಕೆಯಾದರು. ಆದರೆ ಈ ಅವಕಾಶ ಬರುವುದು ಐದು ವರ್ಷಕ್ಕೊಮ್ಮೆ. ರಸ್ತೆ ಕೆಡುವುದು ಪ್ರತಿ ಮಳೆಗಾಲದಲ್ಲಿ.

ದಿನನಿತ್ಯದ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಜಿಲ್ಲಾ ಪರಿಷತ್ತು ಮತ್ತು ಪಂಚಾಯಿತಿ ಸಮಿತಿ. ಇವುಗಳ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದಿತ್ತು. ಹಿಂದುಳಿದ ವರ್ಗಗಳ ಮೀಸಲಾತಿ ಮತ್ತು ವಾರ್ಡು ರಚನೆಯ ವ್ಯಾಜ್ಯದಿಂದ ಚುನಾವಣೆ ನಿಂತು ಅಧಿಕಾರಿಗಳೇ ಆಡಳಿತ ನಡೆಸಿದರು. ಅಂದರೆ ಠರಾವು ಪಾಸಾದ ವೇಳೆಗೆ ಮೂರು ಹಂತದ ಪಂಚಾಯತ್ ರಾಜ್‌ನಲ್ಲಿ ಚುನಾಯಿತ ಸದಸ್ಯರು ಉಳಿದಿದ್ದದ್ದು ಗ್ರಾಮ ಪಂಚಾಯಿತಿಯಲ್ಲಿ ಮಾತ್ರ. ಮೇಲಿನ ಎರಡು ಮೆಟ್ಟಿಲುಗಳಲ್ಲಿ ಊರಿನವರು ಹೋಗಿ ಜಗಳವಾಡಲು ತಮ್ಮ ಸದಸ್ಯ ಎಂಬುವವರೇ ಇರಲಿಲ್ಲ. ಠರಾವು ನೇರವಾಗಿ ರಾಜ್ಯದ ಗಡಿಗೆ ಹಾರಿದ್ದಕ್ಕೆ ಇದೂ ಒಂದು ಕಾರಣ ಎಂದು ತಿಳಿಯಬೇಕಾಗುತ್ತದೆ.

ಸೊಲ್ಲಾಪುರ ಮಹಾನಗರಪಾಲಿಕೆಯ ಸ್ಥಿತಿಯೂ ಇದೇ ಆಗಿತ್ತು. 2025ರ ಮೇ 6ರಂದು ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವಂತೆ ಆದೇಶಿಸಿತು. ಪಾಲಿಕೆಗೆ ಮತದಾನ ನಡೆದದ್ದು 2026ರ ಜನವರಿ 15ರಂದು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನ ಹೇಳಿದ್ದರೂ ನಗರ ಸುಮಾರು ನಾಲ್ಕು ವರ್ಷ ನಗರಸೇವಕರಿಲ್ಲದೆ ಕಳೆಯಿತು.

ಯಾವ ಕೆಲಸಕ್ಕೆ ಯಾರು ಹೊಣೆ

ಊರೊಳಗಿನ ರಸ್ತೆ, ಚರಂಡಿ, ದೀಪ: ಗ್ರಾಮ ಪಂಚಾಯಿತಿ.
ಊರಿಂದೂರಿನ ಗ್ರಾಮೀಣ ರಸ್ತೆ, ಪ್ರಾಥಮಿಕ ಶಾಲೆ (ಕನ್ನಡ ಮಾಧ್ಯಮದ ಶಾಲೆಗಳೂ ಸೇರಿ): ಜಿಲ್ಲಾ ಪರಿಷತ್ತು.
ರಾಜ್ಯ ಹೆದ್ದಾರಿ: ಲೋಕೋಪಯೋಗಿ ಇಲಾಖೆ.
ಕುಡಿಯುವ ನೀರು: ಗ್ರಾಮ ಪಂಚಾಯಿತಿ ಹಾಗೂ ಜಿಲ್ಲಾ ಪರಿಷತ್ತಿನ ಗ್ರಾಮೀಣ ನೀರು ಪೂರೈಕೆ ವಿಭಾಗ.
ಉಜನಿ ಮತ್ತಿತರ ನೀರಾವರಿ ಯೋಜನೆ: ರಾಜ್ಯ ಜಲಸಂಪನ್ಮೂಲ ಇಲಾಖೆ.

ಗ್ರಾಮಸಭೆಯಲ್ಲಿ ಖರ್ಚಿನ ಲೆಕ್ಕ ಕೇಳುವ ಹಕ್ಕು ಮತದಾರರಿಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳಲ್ಲಿ ಉತ್ತರ ಬರಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಆಧಾರವಿದೆ.

ಗಡಿ ವ್ಯಾಜ್ಯದ ತೀರ್ಪು ಯಾವ ಕಡೆಗೇ ಬರಲಿ, ಅಕ್ಕಲಕೋಟದ ರೈತನಿಗೆ ಸೊಲ್ಲಾಪುರದ ಮಾರುಕಟ್ಟೆಗೆ ತೊಗರಿ ಒಯ್ಯಲು ರಸ್ತೆ ಬೇಕೇ ಬೇಕು. ಊರಿನ ಬೇಡಿಕೆ ಕೇಳಿಸಲು ರಾಜ್ಯವನ್ನೇ ಬಿಡುತ್ತೇವೆ ಎನ್ನಬೇಕಾಗಿ ಬಂದರೆ ಕುಂದು ಇರುವುದು ಆ ಊರಿನವರ ನಿಷ್ಠೆಯಲ್ಲಿ ಅಲ್ಲ, ನಡುವಿನ ಕಚೇರಿಗಳಲ್ಲಿ. ನೋಟಿಸು ಕೊಟ್ಟರೆ ಠರಾವು ಹಿಂದಕ್ಕೆ ಹೋಗುತ್ತದೆ. ಅದರಲ್ಲಿ ಬರೆದ ರಸ್ತೆ, ನೀರು, ಶಾಲೆಯ ಪಟ್ಟಿಗೆ ಮಾತ್ರ ಕೆಲಸದಿಂದಲೇ ಉತ್ತರ ಕೊಡಬೇಕು.