ಸುಬಾರು ಇಜೆ257 ಎಂಜಿನ್‌ನಲ್ಲಿ ಹೆಡ್ ಗ್ಯಾಸ್ಕೆಟ್ ದೋಷಪತ್ತೆ

ಹೆಡ್ ಗ್ಯಾಸ್ಕೆಟ್ ಎಂಬುದು ಎಂಜಿನ್‌ನ ಬ್ಲಾಕ್ ಮತ್ತು ಸಿಲಿಂಡರ್ ಹೆಡ್‌ಗಳ ನಡುವೆ ಕೂರಿಸುವ ತೆಳುವಾದ ಹಾಳೆ. ದಹನದ ಅನಿಲ, ಕೂಲಂಟ್ ಹಾಗೂ ಎಂಜಿನ್ ಆಯಿಲ್ ಒಂದರೊಳಗೊಂದು ಸೇರದಂತೆ ಇದು ತಡೆಯುತ್ತದೆ. ಜಪಾನಿನ ಸುಬಾರು ಕಂಪನಿಯ ಇಜೆ257 ಎಂಬ 2.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಗ್ಯಾಸ್ಕೆಟ್ ದೋಷವನ್ನು ಪಿಸ್ಟನ್ ಅಥವಾ ಟರ್ಬೊ ದೋಷದಿಂದ ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಹೆಡ್ ಬಿಚ್ಚಲು ಸಾಮಾನ್ಯವಾಗಿ ಎಂಜಿನ್ನನ್ನೇ ಕಾರಿನಿಂದ ಹೊರತೆಗೆಯುವುದರಿಂದ ತಪ್ಪು ನಿರ್ಣಯ ಬಹಳ ದುಬಾರಿಯಾಗುತ್ತದೆ.

ರಚನೆ

ಅಮೆರಿಕದ ಮಾರುಕಟ್ಟೆಯಲ್ಲಿ ಈ ಎಂಜಿನ್ 2004ರಿಂದ 2021ರವರೆಗಿನ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಮಾದರಿಗಳಲ್ಲಿ ಬಳಕೆಯಲ್ಲಿತ್ತು. ಇದರ ನಾಲ್ಕು ಸಿಲಿಂಡರುಗಳು ಎದುರುಬದುರಾಗಿ ಅಡ್ಡಲಾಗಿ ಮಲಗಿವೆ. 1 ಮತ್ತು 3 ಒಂದು ಬದಿ, 2 ಮತ್ತು 4 ಇನ್ನೊಂದು ಬದಿ. ಹೀಗಾಗಿ ಹೆಡ್ ಎರಡು, ಗ್ಯಾಸ್ಕೆಟ್‌ಗಳೂ ಎರಡು. ಇವು ಹಲವು ಪದರಗಳ ಉಕ್ಕಿನವು.

ಲಕ್ಷಣಗಳು

ಹೊರಗೆ ಸೋರದೆ ಕೂಲಂಟ್ ಕಡಿಮೆಯಾಗುವುದು, ಏರುದಾರಿಯಲ್ಲಿ ಬಿಸಿ ಏರುವುದು, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆಗಳೇಳುವುದು ಮುಖ್ಯ ಲಕ್ಷಣಗಳು. ಆದರೆ ಇವೇ ಸಾಕ್ಷಿಯಲ್ಲ. ಕೂಲಂಟ್ ಬದಲಿಸಿದ ಮೇಲೆ ಉಳಿದ ಗಾಳಿಯೂ ಗುಳ್ಳೆಗಳಾಗಿ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ದಹನದ ಅನಿಲವಾದರೆ ಬರುತ್ತಲೇ ಇರುತ್ತದೆ. ಆಯಿಲ್ ಮುಚ್ಚಳದಡಿಯ ಕೆನೆಯಂಥ ಬಿಳುಪು ಗಿಡ್ಡ ಓಡಾಟದ ಕಾರಿನಲ್ಲಿ ಬರಿಯ ತೇವಾಂಶವೂ ಆಗಿರಬಹುದು. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು: ಅದಕ್ಕೆ ಟರ್ಬೊದ ಸೀಲ್ ಅಥವಾ ಪಿಸ್ಟನ್ ರಿಂಗ್ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು.

ಪರೀಕ್ಷೆಗಳು

ಮೊದಲು ತಣ್ಣಗಿರುವ ಎಂಜಿನ್‌ನ ಕೂಲಂಟ್ ವ್ಯವಸ್ಥೆಗೆ ಕೈಪಂಪಿನಿಂದ ಒತ್ತಡ ಕೊಟ್ಟು ಮೆದುಗೊಳವೆ, ರೇಡಿಯೇಟರ್‌ಗಳ ಸೋರಿಕೆಯನ್ನು ನೋಡುತ್ತಾರೆ. ನಂತರ ಡಬ್ಬಿಯ ಆವಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುತ್ತಾರೆ. ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರಾವಣ ಹಳದಿಯಾಗುತ್ತದೆ. ಇಲ್ಲಿಯೇ ಟರ್ಬೊ ಎಂಜಿನ್ ಅನೇಕರನ್ನು ದಾರಿ ತಪ್ಪಿಸುತ್ತದೆ. ಬೂಸ್ಟ್ ಒತ್ತಡದಲ್ಲಿ ದಹನ ತೀವ್ರವಾದಾಗ ಬೋಲ್ಟುಗಳು ಕ್ಷಣಕಾಲ ಹಿಗ್ಗಿ ಹೆಡ್ ಕೂದಲೆಳೆಯಷ್ಟು ಎದ್ದು ಅನಿಲ ನುಸುಳಬಹುದು. ಎಂಜಿನ್ ನಿಧಾನವಾಗಿ ತಿರುಗುವಾಗ ಆ ಸಂದು ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ದ್ರಾವಣ ನೀಲಿಯಾಗಿಯೇ ಉಳಿದರೆ ಗ್ಯಾಸ್ಕೆಟ್ ನಿರ್ದೋಷಿ ಎನ್ನಲಾಗದು. ಭಾರ ಹೊತ್ತು ಓಡಿದ ನಂತರ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಬಿಸಿಯಾದ ಡಬ್ಬಿಯ ಮುಚ್ಚಳವನ್ನು ಒಡನೆಯೇ ತೆರೆಯುವುದು ಅಪಾಯಕರ, ಕುದಿಯುವ ಕೂಲಂಟ್ ಮೈಮೇಲೆ ಚಿಮ್ಮುತ್ತದೆ.

ಹೆಚ್ಚು ನಂಬಲರ್ಹವಾದುದು ಲೀಕ್‌ಡೌನ್ ಪರೀಕ್ಷೆ. ಎಲ್ಲ ವಾಲ್ವ್‌ಗಳೂ ಮುಚ್ಚಿರುವ ಸ್ಥಿತಿಗೆ ಪಿಸ್ಟನ್ ತಂದು, ಸ್ಪಾರ್ಕ್ ಪ್ಲಗ್ ರಂಧ್ರದಿಂದ ಒತ್ತಡದ ಗಾಳಿ ಬಿಟ್ಟು, ಅದು ಎಲ್ಲಿಂದ ಹೊರಬರುತ್ತದೆಂದು ಆಲಿಸುತ್ತಾರೆ. ಕೂಲಂಟ್‌ನಲ್ಲಿ ಗುಳ್ಳೆಯೆದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು ಬಿಟ್ಟ ಹೆಡ್. ಆಯಿಲ್ ತುಂಬುವ ಬಾಯಿಯಲ್ಲಿ ಜೋರಾಗಿ ಗಾಳಿ ಬಂದರೆ ರಿಂಗ್ ಅಥವಾ ಪಿಸ್ಟನ್. ಸೈಲೆನ್ಸರ್‌ನಲ್ಲಿ ಸದ್ದಾದರೆ ಎಕ್ಸಾಸ್ಟ್ ವಾಲ್ವ್.

ಕಂಪ್ರೆಷನ್ ಅಳತೆಯಲ್ಲಿ ಒಂದೇ ಬದಿಯ ಎರಡು ಸಿಲಿಂಡರುಗಳು ಒಟ್ಟಿಗೆ ತಗ್ಗಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಶಂಕಾಸ್ಪದ. 4ನೆಯದು ಮಾತ್ರ ತಗ್ಗಿದ್ದರೆ ರಿಂಗ್ ಕೂರುವ ಪಿಸ್ಟನ್ ಅಂಚು ಮುರಿದಿರುವುದು ಈ ಎಂಜಿನ್‌ನಲ್ಲಿ ಪರಿಚಿತ ದೋಷ. ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುವ ಹಳೆಯ ಪದ್ಧತಿ ಇಲ್ಲಿ ಅಷ್ಟಾಗಿ ಫಲಿಸದು; ಮಲಗಿದ ಸಿಲಿಂಡರಿನಲ್ಲಿ ಆಯಿಲ್ ಕೆಳಬದಿಗೇ ಹರಿದು ನಿಲ್ಲುತ್ತದೆ.

ಕಾರಣಗಳು

ಅಕಾಲಿಕ ದಹನದ ಬಡಿತ, ಅತಿಯಾದ ಬಿಸಿ, ಕಂಪ್ಯೂಟರ್ ಲೆಕ್ಕವನ್ನು ತಿದ್ದಿ ಬೂಸ್ಟ್ ಏರಿಸುವುದು ಪ್ರಮುಖ ಕಾರಣಗಳು. ಬಡಿತದಿಂದ ಗ್ಯಾಸ್ಕೆಟ್ ಮತ್ತು ಪಿಸ್ಟನ್ ಎರಡೂ ಕೆಡಬಹುದಾದ್ದರಿಂದ, ಒಂದು ದೋಷ ಸಿಕ್ಕ ಮೇಲೂ ಉಳಿದ ಸಿಲಿಂಡರುಗಳನ್ನು ಪರೀಕ್ಷಿಸಲಾಗುತ್ತದೆ. ಹೆಡ್ ತೆಗೆದಾಗ ಅದರ ಮೇಲ್ಮೈ ಡೊಂಕಾಗಿದೆಯೇ ಎಂದು ನೇರಪಟ್ಟಿಯಿಟ್ಟು ನೋಡುತ್ತಾರೆ.