ಅಂಗನವಾಡಿಯ ತವರು

ಅಂಗನವಾಡಿ ಎಂಬ ಶಬ್ದವನ್ನು ಅರಿಯದ ಕನ್ನಡಿಗರು ವಿರಳ. ಇದು ಯಾವುದೋ ಸರಕಾರಿ ಕಚೇರಿಯಲ್ಲಿ ಹುಟ್ಟಿದ ಪದವೆಂದೇ ನಾನು ಬಹುಕಾಲ ತಿಳಿದಿದ್ದೆ. ಅದರ ತವರು, ಜೋಗೇಶ್ವರಿಯ ನಾವು ದಿನವೂ ಪ್ರಯಾಣ ಮಾಡುವ ಪಶ್ಚಿಮ ರೇಲ್ವೆಯ ದಾರಿಯಲ್ಲೇ, ವಿರಾರಿನಾಚೆ ಡಹಾಣು ತಾಲೂಕಿನಲ್ಲಿದೆ ಎಂಬುದು ಅನೇಕ ಬಾಂಧವರಿಗೆ ಹೊಸ ಸಂಗತಿಯಾದೀತು.

ಇಟಲಿಯ ವೈದ್ಯೆ ಮಾರಿಯಾ ಮಾಂಟೆಸರಿ 1907ರಲ್ಲಿ ರೋಮಿನ ಬಡಕೇರಿಯೊಂದರಲ್ಲಿ ಶಿಶುಶಾಲೆ ತೆರೆದರು. ಮಗು ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳಬೇಕು, ಗುರು ಅದನ್ನು ನೋಡುತ್ತ ಬೇಕಾದಾಗ ಮಾತ್ರ ನೆರವಾಗಬೇಕು ಎಂಬುದು ಅವರ ತತ್ತ್ವ. ಭಾವನಗರದ ಗಿಜುಭಾಯಿ ಬಧೇಕಾ ಎಂಬ ವಕೀಲರು ಇದಕ್ಕೆ ಮನಸೋತು, ವೃತ್ತಿಯನ್ನೇ ತ್ಯಜಿಸಿ, 1920ರಲ್ಲಿ ಬಾಲಮಂದಿರ ಸ್ಥಾಪಿಸಿದರು. ಮುಂಬಯಿಯಲ್ಲಿ 1892ರಲ್ಲಿ ಜನಿಸಿದ ತಾರಾಬಾಯಿ ಮೋಡಕರು ಅಲ್ಲಿಗೆ ಹೋಗಿ ಅವರೊಡನೆ ದುಡಿದರು. 1936ರಲ್ಲಿ ದಾದರಿನಲ್ಲಿ ಶಿಶುವಿಹಾರ ಪ್ರಾರಂಭಿಸಿದವರೂ ಈ ತಾಯಿಯೇ.

ಪೇಟೆಯ ಮಕ್ಕಳಿಗಷ್ಟೇ ಈ ಸೌಭಾಗ್ಯವೆ? ಈ ಪ್ರಶ್ನೆ ತಾರಾಬಾಯಿಯವರನ್ನು 1945ರಲ್ಲಿ ಬೋರ್ಡಿ ಎಂಬ ಕಡಲತೀರದ ಹಳ್ಳಿಗೆ ಕರೆದೊಯ್ದಿತು. ಅನುತಾಯಿ ವಾಘರು ಸಹಾಯಕ್ಕೆ ಬಂದರು. ಬಾಲವಾಡಿಯೇನೋ ತೆರೆಯಿತು; ಬಡವರ ಮಕ್ಕಳು ಬರಲೊಲ್ಲರು. ಒಬ್ಬನಿಗೆ ದನ ಕಾಯುವ ಕೆಲಸ, ಇನ್ನೊಬ್ಬಳ ಸೊಂಟದಲ್ಲಿ ತಮ್ಮ. ಆಗ ಗುರುಗಳೇ ಪೊರಕೆ, ಸಾಬೂನು, ಬಾಚಣಿಗೆಗಳೊಡನೆ ಅವರ ಕೇರಿಗೆ ನಡೆದರು. ಅಂಗಳ ಗುಡಿಸಿ, ಮಕ್ಕಳ ಮೈ ತೊಳೆದು, ಅಲ್ಲಿಯೇ ಕುಳಿತು ಆಡಿಸಿದರು. ಅಂಗಳದ ಈ ಶಾಲೆಯೇ ಅಂಗನವಾಡಿ. 1957ರಲ್ಲಿ ಸಂಸ್ಥೆ ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿ ದನ ಮೇಯಿಸುವ ಹುಡುಗರ ಬೆನ್ನುಹತ್ತಿ ಶಾಲೆ ಹುಲ್ಲುಗಾವಲಿಗೂ ಹೊರಟಿತು!

ಮಾಂಟೆಸರಿಯ ಸಲಕರಣೆಗಳು ಬಹಳ ತುಟ್ಟಿ. ಇಲ್ಲಿ ಬೀಜ, ಬೆಣಚುಕಲ್ಲು, ಚಿಪ್ಪು, ಎಲೆಗಳೇ ಸಲಕರಣೆಗಳಾದವು. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನನಗೆ ಈ ಭಾಗವೇ ಹೆಚ್ಚು ಹಿಡಿಸಿತೆನ್ನಬೇಕು. ಬೀಜಗಳನ್ನು ಬಣ್ಣ, ಗಾತ್ರ ನೋಡಿ ಬೇರ್ಪಡಿಸುವ ಮಗು ಗಣಿತದ ಬುನಾದಿ ಹಾಕುತ್ತಿರುತ್ತದೆ; ಎರಡು ಬೆರಳಿನಿಂದ ಅವನ್ನು ಎತ್ತುವಾಗ ಮುಂದೆ ಸೀಸಕಡ್ಡಿ ಹಿಡಿಯುವ ಸ್ನಾಯುಗಳು ಬಲಿಯುತ್ತವೆ. ತಾನೇ ಆರಿಸಿಕೊಂಡ ಕೆಲಸವಾದ್ದರಿಂದ ಅದು ಬಹಳ ಹೊತ್ತು ಏಕಾಗ್ರತೆಯಿಂದ ಕುಳಿತಿರುತ್ತದೆ.

ನಮ್ಮ ನಾಡಿನಲ್ಲಿಯೂ ಪ್ರಯತ್ನಗಳು ನಡೆಯದೆ ಇರಲಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟಪಾಟಗಳ ಪ್ರಯೋಗ ನಡೆಸಿದ್ದರು, ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಅಂಗನವಾಡಿಯಾದರೋ 1975ರ ಅಕ್ಟೋಬರ್ 2ರಂದು ಆರಂಭವಾದ ಕೇಂದ್ರ ಸರಕಾರದ ಶಿಶು ಅಭಿವೃದ್ಧಿ ಯೋಜನೆಯ ಮೂಲಕ ಕ್ರಮೇಣ ದೇಶಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಅಷ್ಟರಲ್ಲಿ ತಾರಾಬಾಯಿಯವರು ಇರಲಿಲ್ಲ, 1973ರಲ್ಲಿಯೇ ತೀರಿಕೊಂಡಿದ್ದರು.

ನನ್ನ ಮಗಳನ್ನು ಮೂರು ವರ್ಷಕ್ಕೇ ಒಂದು ನರ್ಸರಿಗೆ ಹಾಕಿದೆವು. ಮೊದಲ ತಿಂಗಳಲ್ಲೇ ಇಂಗ್ಲಿಷ್ ಅಕ್ಷರ ತಿದ್ದುವ ಮನೆಪಾಠ. ರಾತ್ರಿ ಕೈಹಿಡಿದು ತಿದ್ದಿಸಿ ಅವಳನ್ನು ಅಳಿಸಿದವನು ನಾನೇ. ಕೋಸಬಾಡದ ಕಥೆ ಓದಿದ್ದು ಆಮೇಲೆ. ಈಗ ಸಂಜೆ ಹುಣಿಸೆ ಬೀಜದ ಡಬ್ಬಿಯನ್ನು ಅವಳ ಮುಂದೆ ಇಟ್ಟು ಸುಮ್ಮನೆ ಕೂರುತ್ತೇನೆ. ಮೊನ್ನೆ ಅವಳು ಬೀಜಗಳನ್ನು ಸಾಲಾಗಿ ಜೋಡಿಸಿ, ಇದು ವಿರಾರ್ ಗಾಡಿ ಎಂದಳು.