ಅಂಬಲವಯಲಿನ ವಸ್ತುಸಂಗ್ರಹಾಲಯವೂ ನಮ್ಮ ಇತಿಹಾಸದ ಪಾಠವೂ

ಪಾಣಿಪತ್ತಿನ ಮೂರು ಯುದ್ಧಗಳ ಇಸವಿಗಳನ್ನು ನಮ್ಮ ಹುಡುಗರು ತಡವರಿಸದೆ ಹೇಳಬಲ್ಲರು. ಆದರೆ ತಮ್ಮ ಊರ ಗದ್ದೆಯ ಅಂಚಿನಲ್ಲಿ ನಿಂತಿರುವ ಕಲ್ಲಿನ ಮೇಲೆ ಆಯುಧ ಹಿಡಿದವನು ಯಾರೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಗಡಿನಾಡಿನಲ್ಲಿ ಈ ಕೊರತೆ ಇಮ್ಮಡಿಯಾದುದು. ರಾಜಧಾನಿಯಿಂದ ಹೊರಟ ಇತಿಹಾಸಕಾರನು ಗಡಿಗೆ ಬಂದು ತಲುಪುವ ಹೊತ್ತಿಗೆ ಅವನ ಪುಟಗಳು ಮುಗಿದಿರುತ್ತವೆ. ಅತ್ತಣವರ ಪುಸ್ತಕದಲ್ಲಿಯೂ ಇತ್ತಣವರ ಪುಸ್ತಕದಲ್ಲಿಯೂ ನಮಗೆ ದೊರೆಯುವುದು ಅಡಿಟಿಪ್ಪಣಿಯ ಸ್ಥಾನ. ಆದುದರಿಂದ ಇಲ್ಲಿಯ ಉಪಾಧ್ಯಾಯನಿಗೆ ಪ್ರಾದೇಶಿಕ ವಸ್ತುಸಂಗ್ರಹಾಲಯವೆಂಬುದು ವಿಹಾರದ ತಾಣವಲ್ಲ, ಪಾಠಶಾಲೆಯ ಇನ್ನೊಂದು ಕೋಣೆ ಎಂಬುದು ನಮ್ಮ ಅಭಿಪ್ರಾಯ. ಕಾಸರಗೋಡು ಸೀಮೆಯ ನಮ್ಮ ಹೈಸ್ಕೂಲಿನ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ವಯನಾಡಿನ ಅಂಬಲವಯಲಿಗೆ ಹೋಗಿಬಂದ ಮೇಲೆ ಈ ಅಭಿಪ್ರಾಯ ಗಟ್ಟಿಯಾಗಿದೆ.

ವಯನಾಡೇ ಏಕೆಂದು ಕೆಲವರು ಕೇಳಿದರು. ಕಾಸರಗೋಡು 1956ರವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಗೂ ವಯನಾಡು ಮಲಬಾರು ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ಎರಡೂ ಕೇರಳದೊಳಗೆ ಬಂದವು. ವಯನಾಡು 1980ರಲ್ಲಿ, ಕಾಸರಗೋಡು 1984ರಲ್ಲಿ ಪ್ರತ್ಯೇಕ ಜಿಲ್ಲೆಗಳಾದವು. ಇಷ್ಟೇ ಅಲ್ಲ. ರೈಸ್ ಸಾಹೇಬರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟವನ್ನು ತೆರೆದರೆ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ತಾಲೂಕುಗಳ ಶಾಸನಗಳು ಸಿಗುತ್ತವೆ. ಹೊಯ್ಸಳರ ಕಾಲದ ಶಾಸನಗಳು ಹೆಸರಿಸುವ ಬಯಲ್ನಾಡು ಇಂದಿನ ವಯನಾಡಿನ ಕಡೆಯ ಸೀಮೆಯೇ ಎಂದು ರೈಸರು ಗುರುತಿಸಿದ್ದಾರೆ. ಆ ನಾಡನ್ನು ಗೆದ್ದನೆಂಬುದು ವಿಷ್ಣುವರ್ಧನನ ಹೊಗಳಿಕೆಗಳಲ್ಲಿ ಒಂದು. ಅವನ ದಂಡನಾಯಕ ಪುಣಿಸನ 1117ರ ಚಾಮರಾಜನಗರದ ಶಾಸನವು ನೀಲಗಿರಿಯವರೆಗೆ, ತೋಡರ ನಾಡಿನವರೆಗೆ ಅವನ ದಂಡು ಹೋದುದನ್ನು ಹೇಳುತ್ತದೆ. ಶ್ರೀರಂಗಪಟ್ಟಣದ ಪತನದ ಬಳಿಕ 1799ರಲ್ಲಿ ಮೈಸೂರಿನ ಪಾಲಿಗೆ ಬಂದಿದ್ದ ವಯನಾಡು 1803ರ ಪೂರಕ ಒಪ್ಪಂದದಿಂದ ಕಂಪೆನಿಯ ಕೈ ಸೇರಿತು. ಒಂದು ಗೆರೆ ಕಾಗದದ ಮೇಲೆ ಎಷ್ಟು ಸುಲಭವಾಗಿ ಸರಿಯುತ್ತದೆ ಎಂಬುದನ್ನು ಗಡಿಯ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಂಡಿಲ್ಲ.

ಹೊರಡುವ ಮುಂಚೆ ಒಂದು ವಾರ ಕಪ್ಪುಹಲಗೆಯ ಮೇಲೆ ಸಿದ್ಧತೆ ನಡೆಯಿತು. ಮಲೆಯಾಳದ ವಯಲ್ ನಮ್ಮ ಬಯಲು, ಅಂಬಲವೆಂದರೆ ಗುಡಿ, ಎಂದಮೇಲೆ ಅಂಬಲವಯಲು ಗುಡಿಯ ಬಯಲು. ವೇರ್ ಬೇರಾಯಿತು, ವಿಲ್ಲ್ ಬಿಲ್ಲಾಯಿತು, ವಳ ಬಳೆಯಾಯಿತು ಎಂದು ನಾಲ್ಕು ಜೋಡಿಗಳನ್ನು ಬರೆದುದೇ ತಡ, ಎರಡು ಭಾಷೆಗಳನ್ನೂ ಬೀದಿಯಲ್ಲಿ ಕೇಳಿ ಬೆಳೆದ ಮಕ್ಕಳು ಇನ್ನೂ ಹತ್ತು ಜೋಡಿಗಳನ್ನು ತಾವೇ ತಂದರು. ವಕಾರ ಬಕಾರಗಳ ಈ ನಿಯಮವನ್ನು ಕೇಶಿರಾಜನ ಹೆಸರು ಹೇಳಿ ಹೆದರಿಸದೆ ಕಲಿಸಬಹುದೆಂಬುದು ಗಡಿನಾಡಿನ ಉಪಾಧ್ಯಾಯನಿಗಿರುವ ಒಂದು ಭಾಗ್ಯ.

ಸುಲ್ತಾನ್ ಬತ್ತೇರಿಯಿಂದ ಅಂಬಲವಯಲಿಗೆ ಸುಮಾರು 12 ಕಿಲೋಮೀಟರು. ಬತ್ತೇರಿಯಲ್ಲಿ ಇಳಿದು ಕಲ್ಲಿನ ಜೈನ ಬಸದಿಯನ್ನು ನೋಡಿದೆವು; ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡಿನ ಕೋಠಿಯಾಗಿದ್ದು, ಊರಿಗೆ ಇಂದಿನ ಹೆಸರು ಬರಲು ಕಾರಣವಾದ ಆ ಬಸದಿ ಈಗ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕನ್ನಡ ಮಾತನಾಡುವ ಜೈನ ಗೌಡರ ಮನೆತನಗಳು ವಯನಾಡಿನಲ್ಲಿ ನೆಲೆಸಿದುದು ಇಂದು ನಿನ್ನೆಯ ಸಂಗತಿಯಲ್ಲ.

ವಸ್ತುಸಂಗ್ರಹಾಲಯವು ದೊಡ್ಡದಲ್ಲ, ಅದೇ ಅದರ ಗುಣ. ಮದ್ರಾಸಿನದು 1851ರಲ್ಲಿ, ಬೆಂಗಳೂರಿನದು 1865ರಲ್ಲಿ ಆರಂಭವಾದ ಮಹಾ ಸಂಗ್ರಹಗಳು. ಮಕ್ಕಳು ಅಲ್ಲಿ ಕೋಣೆಯಿಂದ ಕೋಣೆಗೆ ಓಡಿ, ಕಡೆಗೆ ಯಾವುದನ್ನೂ ನೋಡದೆ ಬರುತ್ತಾರೆ. ಇಲ್ಲಿ ವೀರಸ್ಮೃತಿ, ಗೋತ್ರಸ್ಮೃತಿ, ದೇವಸ್ಮೃತಿ, ಜೀವನಸ್ಮೃತಿ ಎಂದು ನಾಲ್ಕೇ ವಿಭಾಗಗಳು. ಮೊದಲನೆಯದರಲ್ಲಿ ವೀರಗಲ್ಲುಗಳು, ಎರಡನೆಯದರಲ್ಲಿ ಗಿರಿಜನರ ಬಿಲ್ಲು ಬಾಣ, ಬುಟ್ಟಿ, ಬೇಸಾಯದ ಮತ್ತು ಬೇಟೆಯ ಸಲಕರಣೆಗಳು, ಉಳಿದವುಗಳಲ್ಲಿ ದೇವತಾಶಿಲ್ಪಗಳು, ಮಣ್ಣಿನ ಬೊಂಬೆಗಳು, ಶಿಲಾಯುಧಗಳು.

ಇಬ್ಬಿಬ್ಬರು ಮಕ್ಕಳಿಗೆ ಒಂದೊಂದೇ ವಸ್ತುವನ್ನು ಗೊತ್ತುಮಾಡಿದ್ದೆವು. ಅರ್ಧ ಗಂಟೆ ಅದರ ಮುಂದೆಯೇ ನಿಲ್ಲಬೇಕು, ಚಿತ್ರ ಬರೆಯಬೇಕು, ಗೋಡೆಯ ಬರಹವನ್ನು ನಕಲು ಮಾಡದೆ ತಾವು ಕಂಡುದನ್ನು ಕನ್ನಡದಲ್ಲಿ ಐದು ವಾಕ್ಯಗಳಾಗಿ ಬರೆಯಬೇಕು, ಕಡೆಯಲ್ಲಿ ತಮಗೆ ತಿಳಿಯದ ಒಂದು ಪ್ರಶ್ನೆಯನ್ನು ಬರೆಯಬೇಕು. ಮೊದಲ ಐದು ನಿಮಿಷ ಚಡಪಡಿಸಿದರು. ಆಮೇಲೆ ಸದ್ದಡಗಿತು. ವೀರಗಲ್ಲಿನ ಮುಂದೆ ನಿಂತ ಹುಡುಗಿಯೊಬ್ಬಳು ಬರೆದ ಪ್ರಶ್ನೆ ಹೀಗಿತ್ತು: “ಈ ಕಲ್ಲು ಮೊದಲು ಎಲ್ಲಿ ನಿಂತಿತ್ತು?” ಸಂಶೋಧಕನೂ ಮೊದಲು ಕೇಳಬೇಕಾದ ಪ್ರಶ್ನೆಯಿದು. ಕ್ರಿ. ಶ. 949ರ ಸುಮಾರಿನ ಆತಕೂರಿನ ಕಲ್ಲು, ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತುದನ್ನು ಹೇಳುವ ಆ ಅಪೂರ್ವ ಕಲ್ಲು, ಈಗ ಬೆಂಗಳೂರಿನಲ್ಲಿದೆ. ಅದರ ಮೇಲೆ ಅಕ್ಷರಗಳಿದ್ದುದರಿಂದ ಊರಿನ ಹೆಸರು ಉಳಿಯಿತು. ಅಕ್ಷರವಿಲ್ಲದ ವೀರಗಲ್ಲನ್ನು ನಿಂತ ಜಾಗದಿಂದ ಎತ್ತಿ, ಜಾಗವನ್ನು ಬರೆದಿಡದೆ ಹೋದರೆ, ಅದು ಎರಡನೆಯ ಸಲ ಸತ್ತ ವೀರನ ಕಲ್ಲು. ಊರಿಗೆ ಹತ್ತಿರದ ಸಂಗ್ರಹಾಲಯದಲ್ಲಿ ಅದು ಕಡೆಯಪಕ್ಷ ತನ್ನ ಸೀಮೆಯಲ್ಲಿ ಉಳಿಯುತ್ತದೆ.

ಮರುದಿನ ಬೆಳಗ್ಗೆ ಎಡಕಲ್ಲಿಗೆ. ಅಂಬುಕುತ್ತಿ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 1200 ಮೀಟರು ಎತ್ತರದಲ್ಲಿ, ಬಂಡೆ ಸೀಳಿ ಉಂಟಾದ ಕಂದಕವಿದು. ನಡುವೆ ಸಿಲುಕಿಕೊಂಡ ಹೆಬ್ಬಂಡೆಯೇ ಮಾಡು, ಅದೇ ಎಡೆಯ ಕಲ್ಲು. ಕನ್ನಡದ ಕಿವಿಗೆ ಈ ಹೆಸರಿಗೆ ಅರ್ಥ ಹೇಳಬೇಕಾಗಿಲ್ಲ. 1890ರಲ್ಲಿ ಮಲಬಾರಿನ ಪೋಲೀಸು ಅಧಿಕಾರಿ ಫಾಸೆಟ್ ಎಂಬವರು ಕಾಫಿ ತೋಟದ ಮೆಕೆಂಜಿಯವರ ಆಹ್ವಾನದಂತೆ ಬಂದು, ತೋಟದಲ್ಲಿ ಸಿಕ್ಕ ನವಶಿಲಾಯುಗದ ಕೊಡಲಿಯ ಜಾಡು ಹಿಡಿದು ಈ ಸೀಮೆಯನ್ನು ಶೋಧಿಸಿದರು. (ಕೈಫಿಯತ್ತುಗಳನ್ನು ಸಂಗ್ರಹಿಸಿದ ಕರ್ನಲ್ ಮೆಕೆಂಜಿ ಬೇರೆ, ಅವರು 1821ರಲ್ಲೇ ತೀರಿಕೊಂಡರು. ಈ ಗೊಂದಲ ಉಪಾಧ್ಯಾಯರಲ್ಲಿಯೂ ಉಂಟು.) ಅವರ ಲೇಖನ 1901ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಬಂದಿತು. ಗೋಡೆಯ ಮೇಲಿನ ಮನುಷ್ಯರ, ಪ್ರಾಣಿಗಳ ಗೀರುಚಿತ್ರಗಳು ಒಂದೇ ಕಾಲದವಲ್ಲ. ಅವುಗಳ ಜೊತೆಗೆ ಬ್ರಾಹ್ಮೀ ಲಿಪಿಯ ಕೆಲವು ಬರಹಗಳೂ ಇವೆ.

ಇಲ್ಲಿ ನಮ್ಮ ಪಾಠದ ಅತಿ ಮುಖ್ಯ ಘಟ್ಟ ಬಂದಿತು. ಆ ಬರಹಗಳಲ್ಲೊಂದನ್ನು ಶಾಸನತಜ್ಞ ಹುಲ್ಟ್‌ಶ್ ಅವರು ಓದಿ, ಅದರಲ್ಲಿ ವಿಷ್ಣುವರ್ಮ ಎಂಬ ಹೆಸರನ್ನು ಕಂಡರು. ಇದನ್ನು ಹೇಳಿದೊಡನೆ ಹುಡುಗನೊಬ್ಬನು, “ಸರ್, ಹಾಗಾದರೆ ಇವನು ನಮ್ಮ ಕದಂಬರವನೇ ಅಲ್ಲವೇ?” ಎಂದು ಕೇಳಿದ. ಕದಂಬರಲ್ಲಿ ವಿಷ್ಣುವರ್ಮನೆಂಬವನು ಇದ್ದುದು ನಿಜ. ಹಾಗೆ ಊಹಿಸಿದ ದೊಡ್ಡವರೂ ಉಂಟು. “ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಆಗುತ್ತಾನೇನಪ್ಪಾ? ನಿನ್ನ ತರಗತಿಯಲ್ಲೇ ಮೂವರು ಗಣೇಶರಿದ್ದಾರೆ” ಎಂದೆವು. ಎಲ್ಲರೂ ನಕ್ಕರು, ಅವನು ಮಾತ್ರ ಸೋತಂತೆ ನಿಂತ. ನಮ್ಮ ಮನಸ್ಸೂ ಸ್ವಲ್ಪ ನೊಂದಿತೆಂದೇ ಹೇಳಬೇಕು. ಗಡಿಯಲ್ಲಿ ಬೆಳೆಯುವ ಮಗುವಿಗೆ ‘ಇದು ನಮ್ಮದು’ ಎಂದು ತೋರಿಸಲು ಏನಾದರೂ ಬೇಕೆಂಬ ಆಸೆ ಸಹಜವಾದುದು. ಆದರೆ ಆಧಾರವಿಲ್ಲದ ಹಕ್ಕನ್ನು ಸ್ಥಾಪಿಸಿದರೆ, ನಾಳೆ ಆಧಾರವಿರುವ ಹಕ್ಕನ್ನೂ ಯಾರೂ ನಂಬರು. ಬಯಲ್ನಾಡಿಗೆ ಶಾಸನದ ಸಾಕ್ಷ್ಯವಿದೆ, ಅದನ್ನು ಧೈರ್ಯವಾಗಿ ಹೇಳೋಣ. ಎಡಕಲ್ಲಿನ ವಿಷ್ಣುವರ್ಮನನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಬಿಡೋಣ. ಅಂದು ಸಂಜೆ ಆ ಹುಡುಗನು ತನ್ನ ಪುಸ್ತಕದಲ್ಲಿ ‘ಕದಂಬ’ ಎಂದು ಬರೆದು ಮುಂದೆ ದೊಡ್ಡದೊಂದು ಪ್ರಶ್ನೆಯ ಗುರುತು ಹಾಕಿದ್ದುದನ್ನು ಕಂಡೆವು.

ಗೋತ್ರಸ್ಮೃತಿಯ ಬಗೆಗೂ ಒಂದು ಮಾತು. ಕುರಿಚ್ಯರ ಬಿಲ್ಲನ್ನು ಕೇವಲ ಬೇಟೆಯ ಸಾಧನವೆಂದು ನೋಡಿ ಮುಂದೆ ಸಾಗಬಾರದು. ಪಳಶ್ಶಿ ರಾಜನ ಪಕ್ಷದಲ್ಲಿ ಕಂಪೆನಿಯ ದಂಡನ್ನು ಕಾಡಿದ್ದು, ಅವನು 1805ರಲ್ಲಿ ಮಡಿದ ಮೇಲೆ 1812ರಲ್ಲಿ ಮತ್ತೆ ದಂಗೆಯೆದ್ದುದು ಆ ಜನರೇ. ಕಾಡುನಾಯ್ಕರ ಮಾತು ಕನ್ನಡಕ್ಕೆ ಬಹು ಸಮೀಪದ್ದು. ಇಂಥ ಜನ ಇಂದೂ ಪಕ್ಕದ ಹಾಡಿಗಳಲ್ಲಿದ್ದಾರೆ. ಅವರ ಬುಟ್ಟಿಯನ್ನು ಗಾಜಿನಾಚೆ ನೋಡುವಾಗ ಮಕ್ಕಳು ಅವರನ್ನು ಹಳೆಯ ಕಾಲದವರೆಂದು ತಿಳಿಯದಂತೆ ಉಪಾಧ್ಯಾಯನು ಎಚ್ಚರ ವಹಿಸಬೇಕು.

ಊರಿಗೆ ಬಂದ ಮೇಲೆ ಶಾಲೆಯಲ್ಲಿ ಒಂದು ಕಪಾಟನ್ನು ತೆರವು ಮಾಡಿಸಿ ಸಣ್ಣ ಸಂಗ್ರಹವನ್ನು ತೊಡಗಿದ್ದೇವೆ. ಸೋದರ ಉಪಾಧ್ಯಾಯರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ನೂರು ವರ್ಷ ದಾಟಿದ ಶಿಲ್ಪಾದಿಗಳೂ ಎಪ್ಪತ್ತೈದು ವರ್ಷ ದಾಟಿದ ಮೌಲಿಕ ಹಸ್ತಪ್ರತಿಗಳೂ 1972ರ ಕಾಯದೆಯ ಪ್ರಕಾರ ಪ್ರಾಚ್ಯವಸ್ತುಗಳು. ನೆಲದಲ್ಲಿ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸತಕ್ಕದ್ದು. ಆದಕಾರಣ ಶಾಸನ, ವೀರಗಲ್ಲುಗಳನ್ನು ಯಾರೂ ಗಾಡಿಯಲ್ಲಿ ಹೇರಿಕೊಂಡು ಶಾಲೆಗೆ ತರಕೂಡದು. ಇದ್ದಲ್ಲಿಯೇ ಅಳತೆ ಮಾಡಿ, ಚಿತ್ರ ತೆಗೆದು, ಇಲಾಖೆಗೆ ಬರೆಯಬೇಕು. ಮನೆಯವರ ತಾಳೆಗರಿಯನ್ನು ಕೇಳದೆ ಮುಟ್ಟಬಾರದು. ನಮ್ಮ ಕಪಾಟಿಗೆ ಬರುವುದು ಬಳಕೆ ತಪ್ಪಿದ ಮನೆಸಾಮಾನು ಮಾತ್ರ.

ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ, ಕೊಟ್ಟವರು, ಊರು, ತಾರೀಕು, ಉಪಯೋಗ ಎಂಬ ಅಂಕಣಗಳಿವೆ. ಹೆಸರಿನ ಅಂಕಣದಲ್ಲಿಯೇ ತಕರಾರು ಹುಟ್ಟಿತು. ಅಕ್ಕಿ ಕೇರುವ ವಸ್ತುವೊಂದು ಬಂದಿತು. ಒಬ್ಬಳು ಗೆರಸಿ ಎಂದಳು, ಮೊರ ಎಂದು ಪುಸ್ತಕದ ಕನ್ನಡ ಬಲ್ಲ ಇನ್ನೊಬ್ಬನು ತಿದ್ದಿದ, ತುಳು ಮನೆಯವರು ತಡ್ಪೆ ಎಂದರು, ಮಲೆಯಾಳದವರು ಮುರಂ ಎಂದರು. ಮೊರವೂ ಮುರವೂ ಅಕ್ಕತಂಗಿಯರೆಂದು ಮಕ್ಕಳೇ ಕಂಡುಕೊಂಡರು. ಒಂದು ಹೆಸರಿಗೆ ಬಿಟ್ಟಿದ್ದ ಅಂಕಣವನ್ನು ಅಡ್ಡಗೆರೆ ಹೊಡೆದು ನಾಲ್ಕು ಮಾಡಿದೆವು. ಎರಡನೆಯದಾಗಿ ಬಂದ ಒನಕೆಗೂ ಈಗ ನಾಲ್ಕು ಮನೆಗಳಲ್ಲಿ ವಿಚಾರಣೆ ನಡೆಯುತ್ತಿದೆ.